ಕಪ್ಪು ಟೀಶರ್ಟಿನ ನೆಂಟಸ್ತನ

1981ರಲ್ಲಿ ಲಾಸ್ ಏಂಜಲೀಸಿನ ‘ದಿ ರಿಸೈಕ್ಲರ್’ ಎಂಬ ಜಾಹೀರಾತು ಪತ್ರಿಕೆಯಲ್ಲಿ ಹದಿನೇಳರ ಹುಡುಗನೊಬ್ಬ ಸಣ್ಣದೊಂದು ಜಾಹೀರಾತು ಕೊಟ್ಟ. ತಾನು ಡ್ರಮ್ಸ್ ಬಾರಿಸುತ್ತೇನೆ, ಜೊತೆಗೂಡಿ ನುಡಿಸಲು ಮೆಟಲ್ ಗೊತ್ತಿರುವವರು ಬೇಕು ಎಂದು ತಿಳಿಸಿ ಮೂರು ಇಂಗ್ಲಿಷ್ ಬ್ಯಾಂಡುಗಳ ಹೆಸರು ಬರೆದಿದ್ದ: ಐರನ್ ಮೇಡನ್, ಡೈಮಂಡ್ ಹೆಡ್, ಟೈಗರ್ಸ್ ಆಫ್ ಪ್ಯಾನ್ ಟ್ಯಾಂಗ್. ಹುಡುಗನ ಹೆಸರು ಲಾರ್ಸ್ ಉಲ್ರಿಕ್. ಡೆನ್ಮಾರ್ಕಿನವನು. ಅಪ್ಪ ಹೆಸರಾಂತ ಟೆನಿಸ್ ಆಟಗಾರ. ಮಗನೂ ಟೆನಿಸ್ ಆಡಲಿ ಎಂದು ಮನೆಯವರು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು. ಮಗನಿಗೆ ಟೆನಿಸ್ ಹತ್ತಲಿಲ್ಲ. ಅವನ ತಲೆಯಲ್ಲಿ ತುಂಬಿದ್ದ ಬ್ಯಾಂಡುಗಳ ಹೆಸರು ಆ ಊರಿನ ಅವನ ವಯಸ್ಸಿನವರಿಗೆ ಗೊತ್ತೇ ಇರಲಿಲ್ಲ.

ಜಾಹೀರಾತು ನೋಡಿ ಬಂದವರಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಒಬ್ಬ. ಅಪ್ಪ ಮನೆ ಬಿಟ್ಟು ಹೋಗಿದ್ದ, ಅಮ್ಮ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದಳು; ಮಾತು ಕಡಿಮೆ, ನಾಚಿಕೆ ಜಾಸ್ತಿ. ಮೊದಲ ಸಲ ಕೂತು ನುಡಿಸಿದಾಗ ಏನೂ ಸರಿಹೋಗಲಿಲ್ಲ. ಲಾರ್ಸ್ ಆ ಬೇಸಿಗೆಯಲ್ಲೇ ಇಂಗ್ಲೆಂಡಿಗೆ ಹೋದ. ಡೈಮಂಡ್ ಹೆಡ್ ಬ್ಯಾಂಡಿನ ಕಾರ್ಯಕ್ರಮ ನೋಡಿ, ಮುಗಿದ ಮೇಲೆ ಅವರನ್ನೇ ಹುಡುಕಿಕೊಂಡು ಹೋಗಿ ಮಾತಾಡಿಸಿದ. ಗುರುತು ಪರಿಚಯ ಇಲ್ಲದ ಆ ಹುಡುಗನನ್ನು ಅವರು ಮನೆಗೆ ಕರೆದೊಯ್ದು ಉಳಿಸಿಕೊಂಡರು. ಅವನು ತಿರುಗಿ ಬಂದ ಮೇಲೆ, ಅಕ್ಟೋಬರಿನಲ್ಲಿ, ಜೇಮ್ಸ್ ಜೊತೆ ಸೇರಿ ಕಟ್ಟಿದ್ದೇ ಮೆಟಾಲಿಕಾ. ಮುಂದೆ ಮೆಟಾಲಿಕಾ ಡೈಮಂಡ್ ಹೆಡ್‌ನ ನಾಲ್ಕು ಹಾಡುಗಳನ್ನು ತಾನೇ ನುಡಿಸಿ ರೆಕಾರ್ಡ್ ಮಾಡಿತು. ಅದರ ರಾಯಲ್ಟಿ ದುಡ್ಡು ಆ ಹಳೆಯ ಬ್ಯಾಂಡಿನವರನ್ನು ಎಷ್ಟೋ ವರ್ಷ ಕಾಪಾಡಿತು. ಉಳಿದುಕೊಳ್ಳಲು ಜಾಗ ಕೊಟ್ಟವರ ಋಣ ಹೀಗೆ ತೀರಿತು.

ಈ ಕಥೆಯನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಹೆವಿ ಮೆಟಲ್ ಎಂದರೆ ಗದ್ದಲ, ಕೂಗಾಟ, ತಲೆಬುರುಡೆ ಚಿತ್ರದ ಕಪ್ಪು ಟೀಶರ್ಟು ಎಂದು ನಂಬಿರುವವರೇ ಹೆಚ್ಚು. ಹೊರಗಿನಿಂದ ನೋಡಿದರೆ ಕಾಣುವುದು ಅಷ್ಟೇ. ಒಳಗೆ ಇರುವುದು ನಾನು ಕಂಡ ಅತಿ ಗಟ್ಟಿಯಾದ ಗೆಳೆತನಗಳಲ್ಲಿ ಒಂದು. ಆ ಗಟ್ಟಿತನ ಎಲ್ಲಿಂದ ಬಂತು ಎಂದು ಯೋಚಿಸಿದಾಗಲೆಲ್ಲ ನನಗೆ ಹೊಳೆಯುವ ಉತ್ತರ ಒಂದೇ: ಈ ಸಂಗೀತ ಯಾರಿಗೂ ತಾನಾಗಿ ಬಂದು ಸಿಗಲಿಲ್ಲ. ರೇಡಿಯೊ ಹಾಕಲಿಲ್ಲ, ಮದುವೆ ಮನೆಯಲ್ಲಿ ಕೇಳಿಸಲಿಲ್ಲ. ಒಬ್ಬ ಹುಡುಕಬೇಕಿತ್ತು, ಇನ್ನೊಬ್ಬನಿಗೆ ಕೈಯಾರೆ ತಂದು ಕೊಡಬೇಕಿತ್ತು. ಹಾಗೆ ತಂದುಕೊಟ್ಟವನನ್ನು ಮರೆಯುವುದು ಕಷ್ಟ.

ಸಂಗೀತದ ಬಗ್ಗೆ ಎರಡು ಮಾತು. ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆ ಊರಿನಲ್ಲಿ. ಅಲ್ಲಿಯ ಟೋನಿ ಐಯೊಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಯಂತ್ರಕ್ಕೆ ಬಲಗೈ ಕೊಟ್ಟು ಎರಡು ಬೆರಳ ತುದಿ ಕಳೆದುಕೊಂಡ. ಅವನು ಎಡಚ; ಗಿಟಾರಿನ ತಂತಿ ಒತ್ತಬೇಕಾದದ್ದು ಅದೇ ಬೆರಳುಗಳು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ, ಮುಂದೆ ತಂತಿಗಳ ಬಿಗಿ ಇಳಿಸಿದ. ಬಿಗಿ ಇಳಿದಂತೆ ನಾದ ಕೆಳಗಿಳಿಯಿತು, ಭಾರವಾಯಿತು. ಅವನ ಬ್ಯಾಂಡು ‘ಬ್ಲ್ಯಾಕ್ ಸಬ್ಬತ್’ನ ಮೊದಲ ಆಲ್ಬಮ್ ಹೊರಬಂದದ್ದು 1970ರ ಫೆಬ್ರವರಿ 13ರಂದು; ಬಿಗಿ ಇಳಿಸಿದ ಆ ನಾದ ಕೇಳುವುದು ಅದರ ನಂತರದ ಆಲ್ಬಮ್ಮುಗಳಲ್ಲಿ. ಆಮೇಲೆ ಮೆಟಲ್ ಕವಲೊಡೆದು ಥ್ರ್ಯಾಶ್, ಡೆತ್, ಬ್ಲ್ಯಾಕ್, ಡೂಮ್ ಎಂದು ಹತ್ತಾರು ಬಗೆಯಾಯಿತು. ಒಂದರಲ್ಲಿ ವೇಗ, ಇನ್ನೊಂದರಲ್ಲಿ ಗಂಟಲಾಳದ ಗರ್ಜನೆ, ಮತ್ತೊಂದರಲ್ಲಿ ಆಮೆ ನಡಿಗೆ.

ನಮ್ಮ ಕರಾವಳಿಯಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂದು ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಭಾಗವತರ ಪದ್ಯದ ಬಗ್ಗೆ ಜಗಳ ಆಡುವವರನ್ನು ನೋಡಿದ್ದೀರಲ್ಲ, ಮೆಟಲ್ ಕೇಳುವವರೂ ಹಾಗೆಯೇ. ಯಾವ ಆಲ್ಬಮ್ಮಿನ ನಂತರ ಯಾವ ಬ್ಯಾಂಡ್ ಕೆಟ್ಟಿತು ಎಂಬ ವಾದ ಹತ್ತು ವರ್ಷದಿಂದ ನಡೆಯುತ್ತಿರುತ್ತದೆ. ಆ ಜಗಳಕ್ಕೆ ಜೊತೆಗಾರ ಬೇಕು. ವಿಷಯ ಗೊತ್ತಿಲ್ಲದವನ ಜೊತೆ ಜಗಳ ಆಡಲಾಗದು.

ಎಂಬತ್ತರ ದಶಕದಲ್ಲಿ ಈ ಸಂಗೀತ ಜಗತ್ತು ಸುತ್ತಿದ್ದು ಅಂಚೆಯಲ್ಲಿ. ಸಣ್ಣ ಬ್ಯಾಂಡುಗಳು ಮನೆಯಲ್ಲೇ ಡೆಮೊ ಕ್ಯಾಸೆಟ್ ಮಾಡುತ್ತಿದ್ದವು; ಕೇಳುವವರು ಅದರ ಪ್ರತಿ ತೆಗೆದು ಬೇರೆ ಊರಿನ, ಬೇರೆ ದೇಶದ ಅಪರಿಚಿತರಿಗೆ ಕಳಿಸುತ್ತಿದ್ದರು, ಅವರು ತಮ್ಮಲ್ಲಿದ್ದದ್ದನ್ನು ವಾಪಸು ಕಳಿಸುತ್ತಿದ್ದರು. ಕ್ಯಾಸೆಟ್ಟಿನ ಜೊತೆ ಕಾಗದ ಇರುತ್ತಿತ್ತು. ಮೆಟಾಲಿಕಾ 1982ರಲ್ಲಿ ಮಾಡಿದ ‘ನೋ ಲೈಫ್ ಟಿಲ್ ಲೆದರ್’ ಎಂಬ ಡೆಮೊ ಅಮೆರಿಕದ ಆಚೆಗೂ ಹರಡಿದ್ದು ಹೀಗೆ, ಒಂದು ರೆಕಾರ್ಡ್ ಕಂಪನಿಯ ಹಂಗೂ ಇಲ್ಲದೆ. ಮುಖ ನೋಡದೆ ವರ್ಷಗಟ್ಟಲೆ ಕಾಗದ ಬರೆದುಕೊಂಡವರು ಮುಂದೊಂದು ದಿನ ಯಾವುದೋ ಕಛೇರಿಯ ಬಾಗಿಲಲ್ಲಿ ಭೇಟಿಯಾಗಿ ತಬ್ಬಿಕೊಂಡದ್ದುಂಟು.

ನನ್ನ ಕೈಗೆ ಮೊದಲ ಕ್ಯಾಸೆಟ್ ಬಂದದ್ದು ದಾವಣಗೆರೆಯ ಹಾಸ್ಟೆಲಿನಲ್ಲಿ. ಮೇಲಿನ ಮಹಡಿಯ ಸೀನಿಯರ್ ಒಬ್ಬರ ಹತ್ತಿರ ಎರಡು ಕ್ಯಾಸೆಟ್ ಹಾಕುವ ಡೆಕ್ ಇತ್ತು. ಒಂದರಲ್ಲಿ ಮೂಲ, ಇನ್ನೊಂದರಲ್ಲಿ ಖಾಲಿ. ಎರಡೂ ಗುಂಡಿ ಒಟ್ಟಿಗೆ ಒತ್ತಿ ಬಾಗಿಲು ಹಾಕಿಕೊಂಡು ಕೂರಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ನಲವತ್ತೈದು ನಿಮಿಷ. ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಐವತ್ತನಾಲ್ಕು ನಿಮಿಷ ದಾಟುತ್ತದೆ, ಹಾಗಾಗಿ ಕೊನೆಯ ಹಾಡುಗಳು ಮಗ್ಗುಲು ಬದಲಿಸುತ್ತಿದ್ದವು. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಬರೀ ಇಪ್ಪತ್ತೊಂಬತ್ತು ನಿಮಿಷ. ಅರವತ್ತರ ಕ್ಯಾಸೆಟ್ಟಿನ ಒಂದೇ ಬದಿಗೆ ಪೂರ್ತಿ ಕೂರುತ್ತಿತ್ತು. ಅಂಗಡಿಗೆ ಬಂದ ಅದರ ಕ್ಯಾಸೆಟ್ಟಿನಲ್ಲೂ ಎರಡು ಬದಿಗೂ ಇಡೀ ಆಲ್ಬಮ್ಮೇ ಇತ್ತು. ಪ್ರತಿಯ ಪ್ರತಿ ತೆಗೆದಂತೆಲ್ಲ ಹಿಂದೆ ಮಳೆ ಸುರಿದಂಥ ಸದ್ದು ಏರುತ್ತ ಹೋಗುತ್ತಿತ್ತು. ಹಾಡುಗಳ ಹೆಸರನ್ನು ಒಳಗಿನ ಕಾರ್ಡಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದು, ಮೇಲಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿದರೆ ಮುಗಿಯಿತು, ಆಮೇಲೆ ಅದರ ಮೇಲೆ ಯಾರೂ ಭಾವಗೀತೆ ತುಂಬಲಾರರು.

ಕೊಡುವಾಗ ಅವರು ಹೇಳಿದ್ದು: “ನೋಡಪಾ, ಮೊದಲನೇ ಸಲ ಇದು ಇಷ್ಟ ಆಗಲ್ಲ. ಮೂರನೇ ಸಲದ ತನಕ ಬಿಡಬೇಡ. ಆಮೇಲೂ ಇಷ್ಟ ಆಗಲಿಲ್ಲ ಅಂದ್ರೆ ವಾಪಸ್ ತಂದುಕೊಡು, ಬೇಜಾರಿಲ್ಲ.” ಮೂರನೇ ಸಲ ಕೇಳುವಷ್ಟರಲ್ಲಿ ಗದ್ದಲದ ಒಳಗೆ ಎರಡು ಗಿಟಾರ್ ಬೇರೆ ಬೇರೆ ಕೇಳತೊಡಗಿದವು. ಅದನ್ನು ಹೇಳಲು ಮೇಲಿನ ಮಹಡಿಗೆ ಓಡಿದೆ. ಅಲ್ಲಿ ಆಗಲೇ ಮೂವರು ಕೂತಿದ್ದರು, ಜರುಗಿ ಜಾಗ ಕೊಟ್ಟರು.

ಸಣ್ಣ ಊರಿನಿಂದ ಬಂದವರಿಗೆ ಈ ಗುಂಪು ಹಿಡಿಸಲು ಇನ್ನೊಂದು ಕಾರಣ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವನಿಗೆ ಇಂಗ್ಲಿಷ್ ಪಾಪ್ ಹಾಡು ಎಂದರೆ ಮುಜುಗರ. ಸಾಲು ಅರ್ಥವಾಗದು, ಉಚ್ಚಾರ ತಪ್ಪಿದರೆ ನಗುವವರಿದ್ದರು. ಡೆತ್ ಮೆಟಲ್ ಹಾಡಿದರೆ ಪದ ಯಾರಿಗೂ ತಿಳಿಯುವುದಿಲ್ಲ, ಕಾನ್ವೆಂಟಿನಲ್ಲಿ ಓದಿದವನಿಗೂ ಇಲ್ಲ. ಎಲ್ಲರೂ ಕಾಗದ ಹಿಡಿದುಕೊಂಡೇ ಸಾಲು ಓದಬೇಕು. ಕುಣಿಯಲು ಬರದಿದ್ದರೂ ಚಿಂತೆಯಿಲ್ಲ, ತಾಳಕ್ಕೆ ತಲೆ ಕೊಡವಿದರೆ ಸಾಕು. ಬಟ್ಟೆಗೆ ದುಡ್ಡು ಸುರಿಯಬೇಕಿಲ್ಲ, ಒಂದು ಕಪ್ಪು ಟೀಶರ್ಟು ವರ್ಷಗಟ್ಟಲೆ ಬರುತ್ತದೆ. ಹಾಸನ, ಹುಬ್ಬಳ್ಳಿ, ಬಳ್ಳಾರಿ ಕಡೆಯ ಹುಡುಗರು ಬೆಂಗಳೂರಿಗೆ ಬಂದು ತಲೆ ಎತ್ತಿ ನಿಂತ ಮೊದಲ ಜಾಗ ಇದೇ ಎಂದು ನಾನು ನಂಬಿದ್ದೇನೆ.

ಜೊತೆಗೆ ಹೊರಗಿನವರ ಅನುಮಾನ ಇತ್ತು. ಅನುಮಾನಕ್ಕೆ ಒಳಗಾದವರು ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ. ಅಮೆರಿಕದಲ್ಲಿ 1985ರಲ್ಲಿ ರಾಜಕಾರಣಿಗಳ ಪತ್ನಿಯರು ಮುಂದೆ ನಿಂತು ಹಾಡುಗಳ ಮೇಲೆ ಎಚ್ಚರಿಕೆ ಚೀಟಿ ಅಂಟಿಸಬೇಕೆಂದು ಒತ್ತಾಯಿಸಿದಾಗ ಸೆನೆಟ್ ವಿಚಾರಣೆಯೇ ನಡೆಯಿತು. ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ ಡೀ ಸ್ನೈಡರ್ ಉದ್ದ ಕೂದಲು ಬಿಟ್ಟುಕೊಂಡೇ ಬಂದು ಸಾವಧಾನವಾಗಿ ವಾದ ಮಂಡಿಸಿದ. 1990ರಲ್ಲಿ ನೆವಾಡಾ ರಾಜ್ಯದ ರೀನೊ ಊರಿನಲ್ಲಿ, ಹಾಡಿನೊಳಗೆ ಅಡಗಿಸಿದ ಸಂದೇಶ ಕೇಳಿ ಇಬ್ಬರು ಯುವಕರು ತಮ್ಮ ಮೇಲೆ ಗುಂಡು ಹಾರಿಸಿಕೊಂಡರು ಎಂದು ಜೂಡಸ್ ಪ್ರೀಸ್ಟ್ ಬ್ಯಾಂಡಿನ ಮೇಲೆ ಮೊಕದ್ದಮೆ ನಡೆದು ಬಿದ್ದುಹೋಯಿತು. ನಮ್ಮಲ್ಲೂ 2006ರಲ್ಲಿ ಸ್ಲೇಯರ್‌ನ ‘ಕ್ರೈಸ್ಟ್ ಇಲ್ಯೂಷನ್’ ಆಲ್ಬಮ್ ವಿರುದ್ಧ ಕ್ರೈಸ್ತ ಸಂಘಟನೆಯೊಂದು ದೂರಿದ ಮೇಲೆ ಕಂಪನಿ ಭಾರತದಲ್ಲಿ ಅದನ್ನು ವಾಪಸು ತೆಗೆದುಕೊಂಡಿತು. ಧರ್ಮದ ವಿಷಯದಲ್ಲಿ ಮನಸ್ಸು ನೊಂದವರ ಮಾತನ್ನು ತಳ್ಳಿಹಾಕಲಾರೆ. ಆದರೆ ಕಪ್ಪು ಟೀಶರ್ಟು ಹಾಕಿದ ಹುಡುಗ ಕೆಟ್ಟವನು ಎಂಬ ತೀರ್ಮಾನ ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳನ್ನು ಮೂಲೆಗೆ ತಳ್ಳಿತು ಎಂಬುದೂ ನನಗೆ ಗೊತ್ತು. ಅದೇ ಸ್ಲೇಯರ್ 2012ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದು ನುಡಿಸಿ ಹೋಯಿತು.

ಭಾರತದ ಮೆಟಲ್ ಊರು ಯಾವುದು ಎಂದು ಕೇಳಿದರೆ ಮುಂಬೈಯವರೂ ಈಶಾನ್ಯದವರೂ ಸ್ವಲ್ಪ ಗೊಣಗಿ ಬೆಂಗಳೂರು ಎಂದೇ ಹೇಳುತ್ತಾರೆ. ಕಂಟೋನ್ಮೆಂಟಿನ ಕಾಲದಿಂದ ಇದ್ದ ಪಾಶ್ಚಾತ್ಯ ಸಂಗೀತದ ರೂಢಿ, ದೇಶದ ಎಲ್ಲ ಮೂಲೆಯಿಂದ ಹುಡುಗರನ್ನು ತಂದು ತುಂಬಿದ ಎಂಜಿನಿಯರಿಂಗ್ ಕಾಲೇಜುಗಳು, ಬ್ರಿಗೇಡ್ ರಸ್ತೆ ಸುತ್ತಿನ ಪಬ್ಬುಗಳು ಎಲ್ಲವೂ ಸೇರಿ ಇದನ್ನು ಮಾಡಿದವು. ಪೆಕೋಸ್‌ನಂಥ ಪಬ್ಬಿನಲ್ಲಿ ಒಂದು ಜಗ್ಗು ಬಿಯರ್ ಇಟ್ಟುಕೊಂಡು ನಾಲ್ಕು ಜನ ಸಂಜೆಯೆಲ್ಲ ಹಾಡು ಕೇಳಬಹುದಿತ್ತು. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನ ‘ಸ್ಟ್ರಾಬೆರಿ ಫೀಲ್ಡ್ಸ್’ ಸ್ಪರ್ಧೆ, ಸುರತ್ಕಲ್ಲಿನ ಎನ್‌ಐಟಿಕೆಯ ‘ಇನ್ಸಿಡೆಂಟ್’, ಸ್ವಾತಂತ್ರ್ಯ ದಿನದ ಹೊತ್ತಿಗೆ ಟಿಕೆಟ್ಟಿಲ್ಲದೆ ನಡೆಯುತ್ತಿದ್ದ ‘ಫ್ರೀಡಂ ಜಾಮ್’ ಇಂಥ ಕಡೆ ಊರಿನ ಬ್ಯಾಂಡುಗಳು ಕೈ ಪಳಗಿಸಿಕೊಂಡವು. ನುಡಿಸುವವರು, ಕೇಳುವವರು ಎಂಬ ಭೇದ ಅಲ್ಲಿ ತೆಳ್ಳಗೆ. ಈ ವಾರ ವೇದಿಕೆಯ ಮೇಲೆ ಇದ್ದವನು ಮುಂದಿನ ವಾರ ಇನ್ನೊಬ್ಬರ ಆಂಪ್ಲಿಫೈಯರ್ ಆಟೊದಲ್ಲಿ ಹಿಡಿದುಕೊಂಡು ಬರುತ್ತಿದ್ದ.

ಆದರೂ ಒಂದೊಂದು ಗುಂಪಿಗೂ ತಾನೇ ಒಂಟಿ ಎಂಬ ಭಾವನೆ ಇತ್ತು. ಅದು ಹೋದದ್ದು 2007ರ ಮಾರ್ಚ್ 17ರಂದು. ಅಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. ಅಷ್ಟು ದೊಡ್ಡ ಮೆಟಲ್ ಬ್ಯಾಂಡು ಭಾರತಕ್ಕೆ ಬಂದದ್ದು ಅದೇ ಮೊದಲು. ಹಿಂದಿನ ದಿನವೇ ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ಕಪ್ಪು ಟೀಶರ್ಟುಗಳು ಇಳಿಯತೊಡಗಿದವು. ಗುವಾಹಟಿ, ಶಿಲ್ಲಾಂಗ್, ಕೋಲ್ಕತ್ತ, ದೆಹಲಿ, ಕೊಚ್ಚಿ. ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವರಿಗೆ ಉಳಿದುಕೊಳ್ಳಲು ಜಾಗ ಗೊತ್ತಿರಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಟೀಶರ್ಟು ನೋಡಿಯೇ ಮಾತಾಡಿಸಿ, “ರೂಮಿದೆ ಬನ್ನಿ ಗುರು” ಎಂದು ಕರೆದೊಯ್ದವರಿದ್ದರು. ಒಂದೊಂದು ಬಾಡಿಗೆ ಕೋಣೆಯಲ್ಲಿ ಎಂಟು ಹತ್ತು ಜನ ಚಾಪೆ ಹಾಸಿಕೊಂಡು ಮಲಗಿದರು. ಸಂಜೆ ಹತ್ತಾರು ಸಾವಿರ ಜನ ಒಂದೇ ಸಾಲನ್ನು ಒಟ್ಟಿಗೆ ಹಾಡಿದಾಗ, ಇಷ್ಟು ವರ್ಷ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದ ಹಾಡು ಇಷ್ಟೊಂದು ಮಂದಿಯದು ಎಂದು ತಿಳಿದು ಅತ್ತವರನ್ನು ನಾನು ನೋಡಿದ್ದೇನೆ. ನನ್ನ ಕಣ್ಣೂ ಒಣಗಿರಲಿಲ್ಲ.

ಆಮೇಲೆ ಬಾಗಿಲು ತೆರೆದಂತಾಯಿತು. ಮೆಗಾಡೆತ್ ಬಂತು, ಲ್ಯಾಂಬ್ ಆಫ್ ಗಾಡ್ ಬಂತು. 2011ರ ಅಕ್ಟೋಬರ್ 28ರಂದು, ಅಂದರೆ ತನ್ನ ಮೂವತ್ತನೇ ಹುಟ್ಟುಹಬ್ಬದ ದಿನ, ಮೆಟಾಲಿಕಾ ದೆಹಲಿ ಹತ್ತಿರದ ಗುರಗಾಂವಿನಲ್ಲಿ ನುಡಿಸಬೇಕಿತ್ತು. ಕಾರ್ಯಕ್ರಮ ಕೊನೇ ಗಳಿಗೆಯಲ್ಲಿ ನಿಂತುಹೋಗಿ ಜನ ರೊಚ್ಚಿಗೆದ್ದು ವೇದಿಕೆ ಮುರಿದರು. ಎರಡು ದಿನದ ನಂತರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ಬ್ಯಾಂಡು ನುಡಿಸಿತು. ದೆಹಲಿಯಲ್ಲಿ ನಿರಾಶರಾದವರಲ್ಲಿ ಒಂದಷ್ಟು ಮಂದಿ ಸಿಕ್ಕಿದ ವಿಮಾನ ಹತ್ತಿ ಇಲ್ಲಿಗೆ ಬಂದಿದ್ದರು.

ಹೊರಗಿನವರಿಗೆ ತುಂಬ ಹೆದರಿಕೆ ಹುಟ್ಟಿಸುವ ಭಾಗ ಮಾಷ್ ಪಿಟ್. ವೇದಿಕೆ ಮುಂದೆ ನಡುವೆ ಜಾಗ ಬಿಟ್ಟುಕೊಂಡು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಓಡಾಡುತ್ತಾರೆ. ಪಕ್ಕದಲ್ಲಿ ನಿಂತು ಹತ್ತು ನಿಮಿಷ ಗಮನವಿಟ್ಟು ನೋಡಿ. ಭುಜ ತಾಗುತ್ತದೆ, ಅಂಗೈ ಎದೆ ಮೇಲೆ ಬರುತ್ತದೆ, ಮುಷ್ಟಿ ಬರುವುದಿಲ್ಲ. ಒಬ್ಬ ಬಿದ್ದ ಎಂದರೆ ಸುತ್ತಲಿನ ನಾಲ್ಕೈದು ಜನ ತಕ್ಷಣ ಕೈ ಅಗಲಿಸಿ ನಿಂತು ಬರುವವರನ್ನು ತಡೆಯುತ್ತಾರೆ, ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ. ಬಿದ್ದವನು ಹೆಬ್ಬೆರಳು ತೋರಿಸಿದ ಮೇಲೆಯೇ ಬಿಡುವುದು. ಷೂ ಕಳಚಿ ಹೋಯಿತೇ, ಸಿಕ್ಕಿದವನು ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲುತ್ತಾನೆ. ಕನ್ನಡಕ ಬಿದ್ದರೆ ಫೋನಿನ ಬೆಳಕು ಹಿಡಿದು ಹುಡುಕುತ್ತಾರೆ. ಕುಡಿದು ಬೇಕೆಂದೇ ಹೊಡೆಯುವವನನ್ನು ಹಳಬರು ತೋಳು ಹಿಡಿದು ಹೊರಗೆ ತಂದು ನಿಲ್ಲಿಸುತ್ತಾರೆ. ಈ ನಿಯಮಗಳನ್ನು ಯಾರೂ ಫಲಕದ ಮೇಲೆ ಬರೆದಿಲ್ಲ. ಮೊದಲ ಸಲ ಬಿದ್ದಾಗ ಯಾರೋ ಎತ್ತಿದ್ದರಿಂದ ಎಲ್ಲರೂ ಕಲಿತಿದ್ದಾರೆ.

ಈ ಗುಂಪಿನ ಚಲನೆಯನ್ನು ವಿಜ್ಞಾನಿಗಳೂ ನೋಡಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಸ್ಸಿ ಸಿಲ್ವರ್‌ಬರ್ಗ್, ಮ್ಯಾಥ್ಯೂ ಬಿಯರ್‌ಬಾಮ್ ಮತ್ತಿತರರು ಕಛೇರಿಗಳ ವಿಡಿಯೊಗಳನ್ನು ಅಳೆದು 2013ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಬರೆದರು. ಮಾಷ್ ಪಿಟ್ಟಿನಲ್ಲಿ ಜನ ಚಲಿಸುವ ವೇಗಗಳ ಹಂಚಿಕೆ ಅನಿಲದ ಕಣಗಳ ಲೆಕ್ಕಕ್ಕೆ ಹೊಂದುತ್ತದೆ. ಸರ್ಕಲ್ ಪಿಟ್ ಎಂದು ಕರೆಯುವ ಸುತ್ತಾಟ ಸುಳಿಯಂತೆ ರೂಪುಗೊಳ್ಳುತ್ತದೆ. ಬೆಂಕಿಯಂಥ ಅವಘಡದಲ್ಲಿ ಜನಜಂಗುಳಿ ಹೇಗೆ ಚಲಿಸುತ್ತದೆ ಎಂದು ತಿಳಿಯಲು ಇದು ನೆರವಾದೀತು ಎಂಬುದು ಅವರ ಆಸೆ. ಸಿಲ್ವರ್‌ಬರ್ಗ್ ಸ್ವತಃ ಮೆಟಲ್ ಕೇಳುವವರು. ಗೆಳತಿಯನ್ನು ಕಛೇರಿಗೆ ಕರೆದೊಯ್ದಿದ್ದರಿಂದ ಅವತ್ತು ಪಿಟ್ಟಿಗೆ ಇಳಿಯದೆ ಪಕ್ಕದಲ್ಲಿ ನಿಂತರು, ಆಗ ಹೊಳೆದ ವಿಷಯ ಇದು. ಕಣಗಳ ಲೆಕ್ಕ ಸರಿಯೇ. ಬಿದ್ದವನನ್ನು ಎತ್ತುವ ಕೈಗಳ ಲೆಕ್ಕ ಅದರಲ್ಲಿ ಇಲ್ಲ, ಅದು ಬೇರೆ ಅಧ್ಯಯನ ಬೇಡುವ ಸಂಗತಿ.

ತೋರುಬೆರಳು, ಕಿರುಬೆರಳು ಎತ್ತುವ ಕೊಂಬಿನ ಮುದ್ರೆಯನ್ನೂ ಜನ ಸೈತಾನನ ಗುರುತು ಎನ್ನುತ್ತಾರೆ. ಅದನ್ನು ಮೆಟಲ್ ಲೋಕದಲ್ಲಿ ಹರಡಿದವರು ಬ್ಲ್ಯಾಕ್ ಸಬ್ಬತ್‌ನಲ್ಲಿ ಹಾಡಿದ ರಾನಿ ಜೇಮ್ಸ್ ಡಿಯೊ. ಇಟಲಿ ಮೂಲದ ತಮ್ಮ ಅಜ್ಜಿ ಕೆಟ್ಟ ಕಣ್ಣು ತಾಗದಿರಲಿ ಎಂದು ಬೀದಿಯಲ್ಲಿ ಹಾಗೆ ಬೆರಳು ಮಾಡುತ್ತಿದ್ದರು, ನಾನು ಅವರಿಂದ ಕಲಿತೆ ಎಂದು ಡಿಯೊ ಹೇಳಿಕೊಂಡಿದ್ದರು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ನಮ್ಮ ಮನೆಯ ಹಿರಿಯರಿಗೆ ಇದನ್ನು ವಿವರಿಸಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ನನ್ನ ಅತ್ತೆಗೆ ಹಾಗೆಯೇ ಇಳಿಯಿತು.

ಜರ್ಮನಿಯ ಉತ್ತರ ಭಾಗದಲ್ಲಿ ವಾಕನ್ ಎಂಬ ಹಳ್ಳಿ ಇದೆ, ಜನಸಂಖ್ಯೆ ಎರಡು ಸಾವಿರದ ಆಸುಪಾಸು. 1990ರಲ್ಲಿ ಊರಿನ ಹುಡುಗರು ಆರು ಬ್ಯಾಂಡು ಕರೆಸಿ ಒಂದು ಉತ್ಸವ ಮಾಡಿದರು. ಸುಮಾರು ಎಂಟುನೂರು ಜನ ಬಂದರು. ಈಗ ಪ್ರತಿ ಬೇಸಿಗೆ ಎಂಬತ್ತು ಸಾವಿರದಷ್ಟು ಜನ ಸೇರುತ್ತಾರೆ. ಊರಿನ ಅಗ್ನಿಶಾಮಕ ಸ್ವಯಂಸೇವಕರ ವಾದ್ಯತಂಡವೂ ಅಲ್ಲಿ ನುಡಿಸುತ್ತದೆ, ಉದ್ದ ಕೂದಲಿನ ಜನ ಅವರಿಗೂ ಕೊಂಬಿನ ಮುದ್ರೆ ತೋರಿಸಿ ಕೂಗುತ್ತಾರೆ. ಮಳೆಯಲ್ಲಿ ಗದ್ದೆ ಕೆಸರಾಗಿ ಕಾರು ಹೂತರೆ ರೈತರು ಟ್ರ್ಯಾಕ್ಟರ್ ತಂದು ಎಳೆಯುತ್ತಾರೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಬ್ಯಾಂಡು 2013ರಲ್ಲಿ ಆ ವೇದಿಕೆ ಹತ್ತಿತು. ವಾಕನ್ನಿನ ಸಂಪರ್ಕದಿಂದಲೇ 2012ರಲ್ಲಿ ‘ಬೆಂಗಳೂರು ಓಪನ್ ಏರ್’ ಉತ್ಸವ ಶುರುವಾಗಿ, ಮೊದಲ ವರ್ಷ ಜರ್ಮನಿಯ ಕ್ರಿಯೇಟರ್ ಬಂದು ನುಡಿಸಿತು. ವರ್ಷಗಟ್ಟಲೆ ಹಗಲು ಕೆಲಸ, ರಾತ್ರಿ ಅಭ್ಯಾಸ ಮಾಡಿ ಹೊರದೇಶಕ್ಕೆ ಹೋದ ನಮ್ಮ ಊರಿನ ಹುಡುಗರಿಗೆ ಹಾಸಿಗೆ, ಊಟ, ವ್ಯಾನು ಒದಗಿಸಿದವರು ಅಲ್ಲಲ್ಲಿನ ಅಭಿಮಾನಿಗಳೇ.

ಈ ನಂಟಿನಿಂದ ಬದುಕಿಗೆ ಏನು ಪ್ರಯೋಜನ ಎಂದು ಕೇಳುವ ತಂದೆತಾಯಿಯರಿಗೆ ಒಂದು ಅಧ್ಯಯನ ಹೇಳಬೇಕು. ಕ್ಯಾಲಿಫೋರ್ನಿಯಾದ ಹಂಬೋಲ್ಟ್ ವಿಶ್ವವಿದ್ಯಾಲಯದ ಟಾಶಾ ಹೋವ್ ಮತ್ತು ಸಂಗಡಿಗರು ಎಂಬತ್ತರ ದಶಕದ ಮೆಟಲ್ ಅಭಿಮಾನಿಗಳನ್ನೂ ಸಂಗೀತಗಾರರನ್ನೂ ನಡುವಯಸ್ಸಿನಲ್ಲಿ ವಿಚಾರಿಸಿ, ಅದೇ ವಯಸ್ಸಿನ ಬೇರೆಯವರ ಜೊತೆ ಹೋಲಿಸಿ 2015ರಲ್ಲಿ ಪ್ರಕಟಿಸಿದರು. ಕಷ್ಟದ ಬಾಲ್ಯ, ಅಪಾಯದ ಚಟಗಳು ಅವರಲ್ಲಿ ಕಡಿಮೆ ಇರಲಿಲ್ಲ. ಆದರೂ ಯೌವನದಲ್ಲಿ ತಾವು ಹೆಚ್ಚು ಸಂತೋಷವಾಗಿದ್ದೆವು ಎಂದರು, ಈಗಲೂ ಬದುಕಿಗೆ ಚೆನ್ನಾಗಿ ಹೊಂದಿಕೊಂಡಿದ್ದರು. ಅಭಿಮಾನಿಗಳ ಬಳಗವೇ ಅವರನ್ನು ಕಾಪಾಡಿರಬಹುದು ಎಂದು ಸಂಶೋಧಕರು ಬರೆದರು. ನೆನಪಿನಿಂದ ಹೇಳಿದ್ದನ್ನು ಪೂರ್ತಿ ಸಾಕ್ಷ್ಯ ಎನ್ನಲಾಗದು. ಆದರೆ ಕೆಲಸ ಕಳೆದುಕೊಂಡವನಿಗೆ ಮೂರು ತಿಂಗಳ ಬಾಡಿಗೆ ಕೂಡಿಸಿ ಕೊಟ್ಟ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಡಲು ಸಾಲಾಗಿ ನಿಂತ ಕಪ್ಪು ಟೀಶರ್ಟುಗಳನ್ನು ಕಂಡ ನನಗೆ ಅವರ ಮಾತು ನಿಜವೆನ್ನಿಸುತ್ತದೆ.

ಕೊರತೆಯನ್ನೂ ಹೇಳಬೇಕು. ಈ ಬಳಗ ಬಹಳ ಕಾಲ ಗಂಡುಹುಡುಗರದ್ದೇ ಆಗಿತ್ತು. ಬಂದ ಹುಡುಗಿಯರನ್ನು “ಯಾರ ಜೊತೆ ಬಂದೆ?” ಎಂದು ಕೇಳುವುದು, ಹಾಕಿಕೊಂಡ ಟೀಶರ್ಟಿನ ಬ್ಯಾಂಡಿನ ಐದು ಹಾಡು ಹೇಳು ಎಂದು ಪರೀಕ್ಷೆ ಮಾಡುವುದು ನಡೆಯುತ್ತಿತ್ತು, ಈಗಲೂ ಪೂರ್ತಿ ನಿಂತಿಲ್ಲ. ಗಂಡಸರನ್ನು ಯಾರೂ ಹಾಗೆ ಪರೀಕ್ಷಿಸುವುದಿಲ್ಲ. ಪಿಟ್ಟಿನಲ್ಲಿ ಬಿದ್ದವನನ್ನು ಎತ್ತುವವರು ಪಿಟ್ಟಿನ ಅಂಚಿನಲ್ಲಿ ಹುಡುಗಿಗೆ ಕಿರುಕುಳ ಆದಾಗ ಅಷ್ಟೇ ಬೇಗ ಕೈ ಅಗಲಿಸಿ ನಿಲ್ಲಬೇಕು. ಇಂಡೋನೇಷ್ಯಾದ ಪಶ್ಚಿಮ ಜಾವಾದ ಗಾರುತ್ ಪ್ರದೇಶದ ಮೂವರು ಹುಡುಗಿಯರು 2014ರಲ್ಲಿ ಶಾಲೆಯಲ್ಲಿದ್ದಾಗ ‘ವಾಯ್ಸ್ ಆಫ್ ಬಚೆಪ್ರೋಟ್’ ಎಂಬ ಬ್ಯಾಂಡು ಕಟ್ಟಿದರು. ಅವರಿಗೆ ಸಂಗೀತ ಪರಿಚಯಿಸಿದ್ದು ಅವರ ಮೇಷ್ಟ್ರು. ಹಿಜಾಬ್ ಹಾಕಿಕೊಂಡು ಮೆಟಲ್ ನುಡಿಸಿದ್ದಕ್ಕೆ ಊರಿನಲ್ಲಿ ಬೈಸಿಕೊಂಡರು, ಬೆದರಿಕೆ ಎದುರಿಸಿದರು. 2022ರಲ್ಲಿ ವಾಕನ್‌ನಲ್ಲಿ, 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ನುಡಿಸಿದರು. ಮೂವರೂ ಒಟ್ಟಿಗೆ ಇದ್ದರು, ಅದಕ್ಕೇ ತಡೆದುಕೊಂಡರು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ತಾನು ಬೆಳೆದ ಆ್ಯಸ್ಟನ್ ಬಡಾವಣೆಯಲ್ಲೇ, ಬ್ಲ್ಯಾಕ್ ಸಬ್ಬತ್‌ನ ಮೊದಲ ಗಾಯಕ, ಎಪ್ಪತ್ತಾರರ ಆಝಿ ಆಸ್ಬರ್ನ್ ಕುರ್ಚಿಯ ಮೇಲೆ ಕೂತು ಕೊನೆಯ ಸಲ ಹಾಡಿದ. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗುತ್ತಿರಲಿಲ್ಲ. ಬ್ಲ್ಯಾಕ್ ಸಬ್ಬತ್‌ನ ಮೊದಲ ನಾಲ್ವರೂ ಮತ್ತೆ ಕೂಡಿದ್ದರು, ಅವರಿಂದ ಕಲಿತ ಮೆಟಾಲಿಕಾ, ಸ್ಲೇಯರ್ ಮೊದಲಾದವರು ಬಂದು ನುಡಿಸಿದರು. ಹದಿನೇಳು ದಿನದ ಮೇಲೆ, ಜುಲೈ 22ರಂದು, ಆಝಿ ತೀರಿಕೊಂಡ. 30ರಂದು ಶವಯಾತ್ರೆ ಬ್ರಾಡ್ ಸ್ಟ್ರೀಟಿನ ‘ಬ್ಲ್ಯಾಕ್ ಸಬ್ಬತ್ ಸೇತುವೆ’ಯ ಹತ್ತಿರ ನಿಂತಾಗ ಸಾವಿರಾರು ಜನ ಅಲ್ಲಿದ್ದರು. ಆ ರಾತ್ರಿ ಬೆಂಗಳೂರಿನಲ್ಲಿ ನಮ್ಮ ಹಳೆಯ ಗುಂಪು ಒಬ್ಬರ ಮನೆಯಲ್ಲಿ ಸೇರಿತು. ಎಲ್ಲರ ತಲೆ ನೆರೆತಿತ್ತು, ಇಬ್ಬರಿಗೆ ಸಕ್ಕರೆ ಕಾಯಿಲೆ. ಮಗಳನ್ನೂ ಕರೆತಂದಿದ್ದ ಒಬ್ಬ ಅವಳಿಗೆ ಐಯೊಮಿಯ ಬೆರಳಿನ ಕಥೆ ಹೇಳಿದ.

ಈಗ ನನ್ನನ್ನು ಕಾಡುವುದು ಜಾಗದ ಪ್ರಶ್ನೆ. ಹಾಡು ಫೋನಿನಲ್ಲಿ ಸಿಗುತ್ತದೆ, ಅದನ್ನು ಹೊತ್ತು ತರುವ ಗೆಳೆಯ ಬೇಕಿಲ್ಲ. ಹಾಗಾಗಿ ಮುಖಾಮುಖಿ ಸೇರುವ ಜಾಗ ಮೊದಲಿಗಿಂತ ಹೆಚ್ಚು ಬೇಕು, ಆದರೆ ಅಂಥವು ಕಡಿಮೆಯಾಗುತ್ತಿವೆ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದಾದ ಮೇಲೆ ಬೆಂಗಳೂರು ಪೊಲೀಸರು ಬಿಗಿ ಮಾಡಿದಾಗ ಎಷ್ಟೋ ಪಬ್ಬುಗಳು ಲೈವ್ ಸಂಗೀತವನ್ನೇ ಬಿಟ್ಟವು. ಅಕ್ಕಪಕ್ಕದ ಮನೆಯವರ ನಿದ್ದೆಗೆ ಬೆಲೆ ಇದೆ, ಬೆಂಕಿಯಿಂದ ರಕ್ಷಣೆಯ ನಿಯಮ ಇರಲೇಬೇಕು. ಆದರೆ ನೂರು ಜನ ಹಿಡಿಸುವ, ಸದ್ದು ಹೊರಬೀಳದಂತೆ ಕಟ್ಟಿದ ಕೆಲವು ಸಭಾಂಗಣಗಳನ್ನು ಪಾಲಿಕೆಯೇ ಕಡಿಮೆ ಬಾಡಿಗೆಗೆ ಕೊಡುವುದು ಅಸಾಧ್ಯದ ಮಾತೇನಲ್ಲ. ನಾಟಕಕ್ಕೆ ರಂಗಮಂದಿರ ಕಟ್ಟಿಸಿದ ಊರು ಇದು.

ಅಲ್ಲಿಯವರೆಗೂ ಸಣ್ಣ ಗಿಗ್‌ಗಳು ನಡೆಯುತ್ತಲೇ ಇವೆ. ಮೂರು ನಾಲ್ಕು ಊರಿನ ಬ್ಯಾಂಡು, ಎಂಬತ್ತು ನೂರು ಜನ. ಒಬ್ಬರೇ ಹೋಗಲು ಹಿಂಜರಿಯುವವರಿಗೆ ಹೇಳುತ್ತೇನೆ: ಕಿವಿಗೆ ಹಾಕುವ ಪ್ಲಗ್ ಒಂದು ಜೊತೆ ತೆಗೆದುಕೊಳ್ಳಿ, ಮೊದಲ ಬ್ಯಾಂಡಿಗೇ ಹೋಗಿ, ಅದರ ಮುಂದೆ ಹತ್ತೇ ಜನ ಇರುತ್ತಾರೆ. ನುಡಿಸಿ ಇಳಿದ ಮೇಲೆ ಆ ಹುಡುಗರೇ ಮೇಜಿನ ಹಿಂದೆ ನಿಂತು ಟೀಶರ್ಟು, ಸಿಡಿ ಮಾರುತ್ತಿರುತ್ತಾರೆ. ಯಾವ ಹಾಡು ಹಿಡಿಸಿತು ಎಂದು ಅವರಿಗೆ ಹೇಳಿ. ಪಕ್ಕದಲ್ಲಿ ನಿಂತವನು, ಇಲ್ಲವೇ ನಿಂತವಳು, “ನನಗೂ ಅದೇ” ಎಂದೋ, “ಇಲ್ಲ ಗುರು, ಎರಡನೇದು ಇನ್ನೂ ಚೆನ್ನಾಗಿತ್ತು” ಎಂದೋ ಬಾಯಿ ಹಾಕುತ್ತಾರೆ.